ಸವಕಳಿಯ ಲೆಕ್ಕಕ್ಕೆ ಸಿಗದ ಸೋಫಾ

ವ್ಯಾಪಾರಸ್ಥರ ಲೆಕ್ಕಪುಸ್ತಕಗಳಲ್ಲಿ ಪೀಠೋಪಕರಣಗಳ ಖಾತೆಯಷ್ಟು ನಿರ್ಲಕ್ಷ್ಯಕ್ಕೆ ಒಳಗಾದ ಖಾತೆ ಮತ್ತೊಂದಿಲ್ಲ. ಕೊಂಡ ವರ್ಷ ಮೂಲಬೆಲೆಯನ್ನು ನಮೂದಿಸಿ, ಅಲ್ಲಿಂದ ಮುಂದೆ ವರ್ಷಂಪ್ರತಿ ಸವಕಳಿಯನ್ನು ಕಳೆಯುತ್ತ ಹೋಗುವುದಷ್ಟೇ ಅದರ ಕೆಲಸ. ಇಳಿಮೌಲ್ಯ ಪದ್ಧತಿಯಲ್ಲಿ ಶೇಕಡಾ 10ರ ದರದಂತೆ ಸವಕಳಿ ಕಳೆದರೆ, ಒಂದು ಲಕ್ಷ ರೂಪಾಯಿಗೆ ಕೊಂಡ ಸೋಫಾದ ಪುಸ್ತಕಮೌಲ್ಯವು 80 ವರ್ಷಗಳ ಕೊನೆಗೆ ಸುಮಾರು 22 ರೂಪಾಯಿಗೆ ಇಳಿದಿರುತ್ತದೆ. ಅಷ್ಟು ವರ್ಷ ಆ ಸೋಫಾ ಉಳಿದಿರುತ್ತದೆಯೇ ಎಂಬುದು ಬೇರೆ ಮಾತು.

ಆದರೆ ಈ ಲೆಕ್ಕಕ್ಕೆ ಸಿಗದ ಸೋಫಾ ಒಂದಿದೆ. ಅದು 1938ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಯಿತು. ಸರಿಯಾಗಿ 80 ವರ್ಷಗಳ ನಂತರ, 2018ರಲ್ಲಿ, ಅದನ್ನು ವಿದೇಶಕ್ಕೆ ಸಾಗಿಸಲು ಅನುಮತಿ ಕೇಳಿದಾಗ ಬ್ರಿಟನ್ ಸರ್ಕಾರವು ರಫ್ತಿಗೆ ತಾತ್ಕಾಲಿಕ ತಡೆ ವಿಧಿಸಿತು. ಆಗ ಅದಕ್ಕೆ ನಮೂದಾದ ಬೆಲೆ 4,80,281 ಪೌಂಡ್. ಹೆಣ್ಣಿನ ಎರಡು ತುಟಿಗಳ ಆಕಾರದಲ್ಲಿರುವ, ಇಬ್ಬರು ಮಾತ್ರ ಆರಾಮವಾಗಿ ಕೂರಬಹುದಾದ ಒಂದು ಆಸನಕ್ಕೆ ಈ ಬೆಲೆ ಹೇಗೆ ಬಂತು? ಮರ, ಮೆತ್ತೆ ಮತ್ತು ಬಟ್ಟೆಯ ಖರ್ಚಿನಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರವಿರುವುದು ಸಂಖ್ಯೆ, ದಾಖಲೆ ಮತ್ತು ಹಕ್ಕು ಎಂಬ ಮೂರು ಸಂಗತಿಗಳಲ್ಲಿ. ಸಣ್ಣ ಕೈಗಾರಿಕೆ ನಡೆಸುವವರಿಗೂ ಈ ಮೂರೂ ಅಪರಿಚಿತವಲ್ಲ.

ಕನಸಿನಿಂದ ಕಾರ್ಯಾಗಾರಕ್ಕೆ

ಸರ್ರಿಯಲಿಸಂ, ಅಂದರೆ ಅತಿವಾಸ್ತವವಾದ, ಒಂದು ಪಂಥವಾಗಿ ರೂಪುಗೊಂಡದ್ದು 1924ರಲ್ಲಿ. ಆ ವರ್ಷ ಕವಿ ಆಂದ್ರೆ ಬ್ರೆಟನ್ ಪ್ಯಾರಿಸ್‌ನಲ್ಲಿ ಅದರ ಪ್ರಣಾಳಿಕೆಯನ್ನು ಪ್ರಕಟಿಸಿದರು. ಕನಸಿನಲ್ಲಿ ಸಂಬಂಧವಿಲ್ಲದ ವಸ್ತುಗಳು ಒಂದಾಗಿ ಕಾಣಿಸಿಕೊಳ್ಳುವಂತೆ ಕಲೆಯಲ್ಲಿಯೂ ಅವುಗಳನ್ನು ಒಂದುಗೂಡಿಸಬೇಕೆಂಬುದು ಈ ಪಂಥದವರ ನಿಲುವು. ಮೊದಲು ಕವಿತೆ, ಆಮೇಲೆ ಚಿತ್ರಕಲೆ, 1930ರ ದಶಕದ ಹೊತ್ತಿಗೆ ಮನೆಬಳಕೆಯ ವಸ್ತುಗಳು ಈ ಪ್ರಯೋಗಕ್ಕೆ ಒಳಗಾದವು.

ಸ್ಪೇನ್ ದೇಶದ ಚಿತ್ರಕಾರ ಸಾಲ್ವಡಾರ್ ಡಾಲಿ (1904–1989) 1934–35ರಲ್ಲಿ ವೃತ್ತಪತ್ರಿಕೆಯ ಹಾಳೆಯೊಂದರ ಮೇಲೆ ಬಣ್ಣ ಬಳಿದು, ಅಮೆರಿಕದ ಚಿತ್ರನಟಿ ಮೇ ವೆಸ್ಟ್ ಅವರ ಮುಖವನ್ನು ಒಂದು ಕೋಣೆಯಾಗಿ ಚಿತ್ರಿಸಿದರು. ಕೂದಲು ಪರದೆಯಾಯಿತು, ಕಣ್ಣುಗಳು ಗೋಡೆಯ ಚಿತ್ರಪಟಗಳಾದವು, ಮೂಗು ಬೆಂಕಿಗೂಡಾಯಿತು, ತುಟಿಗಳು ಸೋಫಾ ಆದವು. ಈ ಚಿತ್ರವು ಈಗ ಷಿಕಾಗೋದ ಕಲಾಸಂಸ್ಥೆಯಲ್ಲಿದೆ.

ಚಿತ್ರದಲ್ಲಿದ್ದ ತುಟಿಗಳನ್ನು ಕೂರುವ ಆಸನವಾಗಿಸಿದ ಹಿರಿಮೆ ಎಡ್ವರ್ಡ್ ಜೇಮ್ಸ್ (1907–1984) ಎಂಬ ಶ್ರೀಮಂತ ಇಂಗ್ಲಿಷ್ ಕವಿ ಹಾಗೂ ಕಲಾಪೋಷಕರದು. ಸಸೆಕ್ಸ್ ಪ್ರಾಂತದ ವೆಸ್ಟ್ ಡೀನ್ ಎಂಬ ಜಮೀನ್ದಾರಿಗೆ ಒಡೆಯರಾಗಿದ್ದ ಅವರು ಅಲ್ಲಿನ ಮಾಂಕ್ಟನ್ ಮನೆಯನ್ನು ಈ ಹೊಸ ಕಲೆಗೆ ತಕ್ಕಂತೆ ಸಜ್ಜುಗೊಳಿಸುತ್ತಿದ್ದರು. ಡಾಲಿಯವರಿಂದ ಕಲ್ಪನೆ, ಜೇಮ್ಸ್ ಅವರಿಂದ ಹಣ ಹಾಗೂ ಒತ್ತಾಯ, ಲಂಡನ್ನಿನ ಗ್ರೀನ್ ಅಂಡ್ ಅಬ್ಬಟ್ ಎಂಬ ಗೃಹಾಲಂಕಾರ ಸಂಸ್ಥೆಯಿಂದ ಕೈಕೆಲಸ: ಈ ಮೂರೂ ಸೇರಿ ಮಾಂಕ್ಟನ್ನಿಗೆ ತುಟಿ ಸೋಫಾ ಬಂದಿತು. ಆ ಕಾಲದಲ್ಲಿ ಒಟ್ಟು ತಯಾರಾದ ಇಂತಹ ಸೋಫಾಗಳು ಐದು ಮಾತ್ರ.

ಈ ಮೂವರಲ್ಲಿ ಮೂರನೆಯವರ ಸ್ಥಾನವನ್ನು ತಯಾರಕರು ವಿಶೇಷವಾಗಿ ಗಮನಿಸಬೇಕು. ಬಾಗಿದ ಮರದ ಚೌಕಟ್ಟನ್ನು ಕಟ್ಟಿ, ಮೆತ್ತೆ ತುಂಬಿ, ತುಟಿಯ ಉಬ್ಬುತಗ್ಗುಗಳಿಗೆ ಸರಿಯಾಗಿ ಬಟ್ಟೆ ಹೊದಿಸಿದ ಕೆಲಸಗಾರರ ಹೆಸರುಗಳು ಜನರಿಗೆ ತಿಳಿದಿಲ್ಲ. ಅವರ ಕೂಲಿ ಅಂದೇ ಸಂದಾಯವಾಯಿತು. ನಂತರ ಏರಿದ ಬೆಲೆಯೆಲ್ಲವೂ ಕಲ್ಪನೆಯ ಹೆಸರಿಗೆ ಮತ್ತು ವಸ್ತುವನ್ನು ಕಾಪಾಡಿಕೊಂಡವರಿಗೆ ಸೇರಿತು.

ಉಳಿದದ್ದು, ಅಳಿದದ್ದು

ಆ ಕಾಲದ ಎಲ್ಲ ವಸ್ತುಗಳಿಗೂ ಇದೇ ಭಾಗ್ಯ ದೊರೆಯಲಿಲ್ಲ. 1938ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಅತಿವಾಸ್ತವ ಪ್ರದರ್ಶನದಲ್ಲಿ ಕುರ್ಟ್ ಸೆಲಿಗ್‌ಮನ್ ಎಂಬ ಕಲಾವಿದರು ಒಂದು ಪೀಠವನ್ನು ಇರಿಸಿದ್ದರು. ಕಾಲುಚೀಲ ಹಾಗೂ ಪಾದರಕ್ಷೆ ತೊಟ್ಟ ಸ್ತ್ರೀಕಾಲುಗಳೇ ಅದರ ಕಾಲುಗಳು. ಪ್ರದರ್ಶನದಲ್ಲಿ ಜನರ ಕಣ್ಣು ಸೆಳೆದ ಆ ಪೀಠವನ್ನು ಇಂದು ಛಾಯಾಚಿತ್ರಗಳಲ್ಲಿ ಮಾತ್ರ ನೋಡಬಹುದು.

ಮೆರೆಟ್ ಒಪ್ಪೆನ್‌ಹೈಮ್ ಅವರ ಮೇಜಿನ ಕಥೆ ಬೇರೆ. 1939ರಲ್ಲಿ ಪ್ಯಾರಿಸ್‌ನ ಪ್ರದರ್ಶನವೊಂದಕ್ಕಾಗಿ ಅವರು ಹಕ್ಕಿಯ ಕಾಲುಗಳ ಮೇಲೆ ನಿಂತ ಸಣ್ಣ ಮೇಜನ್ನು ರೂಪಿಸಿದರು. ಚಿನ್ನದ ತಗಡು ಹೊದಿಸಿದ ಅದರ ಹಲಗೆಯ ಮೇಲೆ ಹಕ್ಕಿ ನಡೆದುಹೋದ ಹೆಜ್ಜೆಗುರುತುಗಳಿವೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1970ರ ದಶಕದ ಆರಂಭದಲ್ಲಿ, ಇಟಲಿಯ ಉದ್ಯಮಿ ದೀನೋ ಗವೀನಾ ತಮ್ಮ ಸಿಮೋನ್ ಸಂಸ್ಥೆಯ ಮೂಲಕ ಈ ಮೇಜನ್ನು ಕಂಚಿನ ಕಾಲುಗಳೊಡನೆ ಮರಳಿ ತಯಾರಿಸಿ ಮಾರುಕಟ್ಟೆಗೆ ತಂದರು. ಮ್ಯಾನ್ ರೇ ಮತ್ತು ರೊಬೆರ್ಟೊ ಮಟ್ಟಾ ಅವರ ಕಲ್ಪನೆಯ ಆಸನಗಳೂ ಅದೇ ಮಾಲಿಕೆಯಲ್ಲಿ ಬಂದವು. 2013ರಲ್ಲಿ ಕಸ್ಸೀನಾ ಸಂಸ್ಥೆಯು ಸಿಮೋನ್ ಹೆಸರನ್ನು ಕೊಂಡಾಗ ಈ ಮೇಜೂ ಅದರ ಕೈಸೇರಿತು. ಹೀಗಾಗಿ ‘ಹಕ್ಕಿಕಾಲಿನ ಮೇಜು’ ಎಂದು ಯಾರಾದರೂ ಮಾರಲು ಬಂದರೆ ಅದು 1939ರದೋ, 1970ರ ದಶಕದ್ದೋ, ಇತ್ತೀಚಿನದೋ ಎಂಬುದು ಮೊದಲ ಪ್ರಶ್ನೆಯಾಗಬೇಕು. ಆಕಾರ ಒಂದೇ ಆದರೂ ಬೆಲೆ ಒಂದೇ ಅಲ್ಲ.

ಒಂದೇ ತುಟಿ, ಮೂರು ವ್ಯಾಪಾರ

ಸಂಖ್ಯೆಗೂ ಬೆಲೆಗೂ ಇರುವ ಸಂಬಂಧವನ್ನು ತುಟಿ ಸೋಫಾದ ಮೂರು ತಲೆಮಾರುಗಳು ಸ್ಪಷ್ಟವಾಗಿ ತೋರಿಸುತ್ತವೆ.

ಮೊದಲನೆಯದು 1930ರ ದಶಕದ ಐದು ಸೋಫಾಗಳು. ಇವುಗಳಲ್ಲಿ ಕೆಲವು ವಸ್ತುಸಂಗ್ರಹಾಲಯಗಳ ಪಾಲಾಗಿವೆ. ಇಂಗ್ಲೆಂಡಿನ ಬ್ರೈಟನ್ ಮತ್ತು ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್ ನಗರಗಳ ಸಂಗ್ರಹಾಲಯಗಳಲ್ಲಿ ಒಂದೊಂದಿದೆ. ಸಂಗ್ರಹಾಲಯಕ್ಕೆ ಸೇರಿದ ವಸ್ತು ಸಾಮಾನ್ಯವಾಗಿ ಮತ್ತೆ ಮಾರುಕಟ್ಟೆಗೆ ಬರುವುದಿಲ್ಲ. ಆದ್ದರಿಂದ ತಯಾರಾದದ್ದು ಐದಾದರೂ ಮಾರಾಟಕ್ಕೆ ಒದಗಬಹುದಾದವು ಇನ್ನೂ ಕಡಿಮೆ.

ಎರಡನೆಯದು 1970ರ ‘ಬೊಕ್ಕಾ’, ಅಂದರೆ ಇಟಾಲಿಯನ್ ಭಾಷೆಯಲ್ಲಿ ಬಾಯಿ. ಟೂರಿನ್ ನಗರದ ಸ್ಟುಡಿಯೋ 65 ಎಂಬ ವಾಸ್ತುಶಿಲ್ಪಿಗಳ ತಂಡವು ಮಿಲಾನಿನ ವ್ಯಾಯಾಮ ಕೇಂದ್ರವೊಂದರ ಒಳಾಂಗಣಕ್ಕಾಗಿ, ಡಾಲಿಯವರ ಕಲ್ಪನೆಗೆ ಗೌರವ ಸಲ್ಲಿಸುವಂತೆ ಇದನ್ನು ರೂಪಿಸಿತು. ಟೂರಿನ್ ಬಳಿಯ ಗುಫ್ರಾಮ್ ಸಂಸ್ಥೆ ಅದನ್ನು ತಯಾರಿಸಿತು. ಮರಗೆಲಸದ ಜಾಗಕ್ಕೆ ಪಾಲಿಯುರೆಥೇನ್ ಫೋಮ್ ಬಂದಿತ್ತು; ಅದರ ಮೇಲೆ ಹಿಗ್ಗುವ ಕೆಂಪು ಬಟ್ಟೆಯನ್ನು ಬಿಗಿದರೆ ಸೋಫಾ ಸಿದ್ಧ. ಐದರ ಮಿತಿ ಮುರಿದು ಅದು ಕಾರ್ಖಾನೆಯ ಉತ್ಪನ್ನವಾಯಿತು. ಆದರೂ ಆರಂಭದ ವರ್ಷಗಳ ಬೊಕ್ಕಾಗಳನ್ನು ಇಂದು ಸಂಗ್ರಹಕಾರರು ಹುಡುಕಿ ಕೊಳ್ಳುತ್ತಾರೆ.

ಮೂರನೆಯದು 2004ರದು. ಡಾಲಿಯವರು ತಮ್ಮ ಹುಟ್ಟೂರಾದ ಫಿಗೆರೆಸ್‌ನಲ್ಲಿ 1974ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಮೇ ವೆಸ್ಟ್ ಕೋಣೆಯನ್ನು ನಿಜವಾಗಿಯೇ ಕಟ್ಟಿಸಿದ್ದರು. ಅದಕ್ಕೆ ಬೇಕಾದ ಸೋಫಾವನ್ನು ರೂಪಿಸಲು ವಾಸ್ತುಶಿಲ್ಪಿ ಆಸ್ಕರ್ ತುಸ್ಕೆಟ್ಸ್ ನೆರವಾಗಿದ್ದರು. ಬಾರ್ಸಿಲೋನಾದ ಬಿ.ಡಿ. ಸಂಸ್ಥೆಯು ಅದೇ ಸೋಫಾವನ್ನು ‘ಡಾಲಿಲಿಪ್ಸ್’ ಎಂಬ ಹೆಸರಿನಲ್ಲಿ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನಲ್ಲಿ ಹೊರತಂದಿತು. ಅಚ್ಚಿನಲ್ಲಿ ಪ್ಲಾಸ್ಟಿಕ್ ಪುಡಿ ತುಂಬಿ, ಬಿಸಿ ಮಾಡುತ್ತ ತಿರುಗಿಸುವ ರೊಟೊಮೋಲ್ಡಿಂಗ್ ವಿಧಾನ ಅದರದು. ಮನೆಯ ಮೇಲಿನ ನೀರಿನ ಟ್ಯಾಂಕ್ ತಯಾರಾಗುವುದೂ ಇದೇ ವಿಧಾನದಿಂದ. ಇದು ಮಳೆಬಿಸಿಲಿನಲ್ಲಿ ಹೊರಗಡೆ ಇಡಬಹುದಾದ ಸೋಫಾ.

ಮೂರೂ ವ್ಯಾಪಾರಗಳು ನ್ಯಾಯವಾದವೇ. ಮೊದಲನೆಯದರಲ್ಲಿ ವಿರಳತೆ, ಎರಡನೆಯದರಲ್ಲಿ ಕಾಲದ ಮುದ್ರೆ, ಮೂರನೆಯದರಲ್ಲಿ ಉಪಯುಕ್ತತೆ ಮಾರಾಟವಾಗುತ್ತದೆ. ಒಂದರ ಬೆಲೆಯನ್ನು ಇನ್ನೊಂದಕ್ಕೆ ಕೊಟ್ಟವನು ಮೋಸಹೋಗುತ್ತಾನೆ.

ದಾಖಲೆಯೇ ಬಂಡವಾಳ

ಮಾಂಕ್ಟನ್ನಿನ ವಸ್ತುಗಳಿಗೆ ದೊಡ್ಡ ಬೆಲೆ ತಂದುಕೊಟ್ಟದ್ದು ಅವುಗಳ ಹಿಂದಿರುವ ಅಖಂಡ ದಾಖಲೆ. ಜೇಮ್ಸ್ ಅವರು 1964ರಲ್ಲಿ ತಮ್ಮ ಆಸ್ತಿಯನ್ನು ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿದರು. 1971ರಲ್ಲಿ ವೆಸ್ಟ್ ಡೀನ್‌ನಲ್ಲಿ ಕರಕುಶಲ ಕಲೆಗಳನ್ನೂ ಹಳೆಯ ವಸ್ತುಗಳ ಸಂರಕ್ಷಣೆಯನ್ನೂ ಕಲಿಸುವ ಕಾಲೇಜು ಆರಂಭವಾಯಿತು. ವಸ್ತು ಯಾರಿಗಾಗಿ ತಯಾರಾಯಿತು, ಯಾವ ಮನೆಯಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಸರಪಳಿಯಲ್ಲಿ ಕೊಂಡಿ ತಪ್ಪಿರಲಿಲ್ಲ.

2016ರ ಡಿಸೆಂಬರ್‌ನಲ್ಲಿ ಪ್ರತಿಷ್ಠಾನವು ತನ್ನ ಸಂಗ್ರಹದ ಕೆಲವು ವಸ್ತುಗಳನ್ನು ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಮಾರಿತು. ಅವುಗಳಲ್ಲಿ ಡಾಲಿ ಮತ್ತು ಜೇಮ್ಸ್ ಜೋಡಿಯ ಮತ್ತೊಂದು ಕಲ್ಪನೆಯಾದ ಸೀಗಡಿ ಟೆಲಿಫೋನ್ ಒಂದಿತ್ತು: ಸಾಮಾನ್ಯ ದೂರವಾಣಿ, ಅದರ ರಿಸೀವರಿನ ಮೇಲೆ ಪ್ಲಾಸ್ಟರಿನ ದೊಡ್ಡ ಸಮುದ್ರಸೀಗಡಿ. ಇಂತಹ ಸೀಗಡಿಗಳು ಒಟ್ಟು 11 ತಯಾರಾಗಿದ್ದವು. ಬಿಳಿಬಣ್ಣದ ಈ ಟೆಲಿಫೋನಿಗೂ ರಫ್ತು ತಡೆ ಬಂದು, ಕೊನೆಗೆ 2018ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳು 8,53,000 ಪೌಂಡ್ ಕೊಟ್ಟು ಅದನ್ನು ಕೊಂಡವು. ಅದೇ ವರ್ಷ ತಡೆಗೆ ಒಳಗಾದ ತುಟಿ ಸೋಫಾ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿತು.

ಈ ರಫ್ತು ತಡೆಯ ಕ್ರಮ ವರ್ತಕರು ತಿಳಿದಿರಬೇಕಾದದ್ದು. ಮಹತ್ವದ ಕಲಾವಸ್ತು ದೇಶ ಬಿಡುವ ಮುನ್ನ ತಜ್ಞರ ಸಮಿತಿಯೊಂದು ಮೂರು ಪ್ರಶ್ನೆಗಳನ್ನು ಕೇಳುತ್ತದೆ: ದೇಶದ ಇತಿಹಾಸಕ್ಕೆ ಇದರ ಸಂಬಂಧ ಎಷ್ಟು ನಿಕಟವಾದುದು? ಸೌಂದರ್ಯದ ದೃಷ್ಟಿಯಿಂದ ಇದರ ಸ್ಥಾನವೇನು? ವಿದ್ವತ್ತಿಗೆ ಇದರ ಪ್ರಯೋಜನವೇನು? ಇವುಗಳಲ್ಲಿ ಒಂದಕ್ಕಾದರೂ ಬಲವಾದ ಉತ್ತರ ದೊರೆತರೆ ರಫ್ತು ಪರವಾನಗಿಯನ್ನು ಕೆಲವು ತಿಂಗಳು ತಡೆಹಿಡಿಯುವಂತೆ ಸಮಿತಿ ಶಿಫಾರಸು ಮಾಡುತ್ತದೆ. ಆ ಅವಧಿಯಲ್ಲಿ ದೇಶದೊಳಗಿನ ಸಂಸ್ಥೆ ಅದೇ ಬೆಲೆ ಕೊಟ್ಟು ವಸ್ತುವನ್ನು ಉಳಿಸಿಕೊಳ್ಳಲು ಅವಕಾಶವಿರುತ್ತದೆ. ಹರಾಜಿನಲ್ಲಿ ಕೊಂಡ ಮಾತ್ರಕ್ಕೆ ವಸ್ತುವು ಮನೆಗೆ ಬಂದಂತಲ್ಲ ಎಂಬುದು ಇದರ ತಾತ್ಪರ್ಯ.

ಮತ್ತೊಂದು ಸೂಕ್ಷ್ಮವೂ ಇದೆ. ಸುತ್ತಿಗೆ ಬಿದ್ದಾಗಿನ ಸವಾಲು ಬೇರೆ. ಹರಾಜು ಸಂಸ್ಥೆಯ ಕೊಳ್ಳುವವರ ಶುಲ್ಕ ಸೇರಿದ ಮೊತ್ತ ಬೇರೆ. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಬರುವುದು ಎರಡನೆಯದು. ಮಾರಿದವರ ಕೈಗೆ ಸೇರುವುದಾದರೋ ಮೊದಲನೆಯದು, ಅದರಿಂದಲೂ ಮಾರಾಟಗಾರರ ಕಮಿಷನ್ ಕಳೆದ ಬಳಿಕ.

ಎಂಟರ ಮಹಿಮೆ

ಅತಿವಾಸ್ತವ ಕಲೆಯ ವಾರಸುದಾರರಲ್ಲಿ ಮಾರುಕಟ್ಟೆಯ ದೃಷ್ಟಿಯಿಂದ ಅತ್ಯಂತ ಯಶಸ್ವಿಗಳಾದವರು ಫ್ರಾನ್ಸಿನ ಲಲಾನ್ ದಂಪತಿಗಳು. ಫ್ರಾಂಸ್ವಾ ಗ್ಸಾವಿಯೇ ಲಲಾನ್ (1927–2008) ಮತ್ತು ಕ್ಲೋಡ್ ಲಲಾನ್ (1925–2019) 1964ರಲ್ಲಿ ಪ್ಯಾರಿಸ್‌ನಲ್ಲಿ ನಡೆಸಿದ ಪ್ರದರ್ಶನದಲ್ಲಿ ಹಿತ್ತಾಳೆಯ ಒಂದು ಘೇಂಡಾಮೃಗವಿತ್ತು. ಅದರ ಪಕ್ಕೆಯನ್ನು ತೆರೆದರೆ ಒಳಗೆ ಬರೆಯುವ ಮೇಜು. ಇವರ ಕುರಿಮಂದೆಯಾದರೋ ಇನ್ನೂ ಪ್ರಸಿದ್ಧ: ಉಣ್ಣೆ ಹೊದ್ದ ಕುರಿಗಳೇ ಕೂರುವ ಪೀಠಗಳು.

2019ರ ಅಕ್ಟೋಬರ್‌ನಲ್ಲಿ ಅವರ ಸ್ವಂತ ಸಂಗ್ರಹದ 274 ವಸ್ತುಗಳು ಪ್ಯಾರಿಸ್‌ನ ಸೋತ್‌ಬೀಸ್ ಹರಾಜಿನಲ್ಲಿ ಒಂದೂ ಉಳಿಯದಂತೆ ಮಾರಾಟವಾಗಿ ಒಟ್ಟು 9 ಕೋಟಿ 13 ಲಕ್ಷ ಯೂರೋ ತಂದವು. 2023ರ ಅಕ್ಟೋಬರ್‌ನಲ್ಲಿ ಆ ಮೊದಲ ಘೇಂಡಾಮೃಗದ ಮೇಜೊಂದೇ ಪ್ಯಾರಿಸ್‌ನ ಕ್ರಿಸ್ಟೀಸ್‌ನಲ್ಲಿ 1 ಕೋಟಿ 83 ಲಕ್ಷ ಯೂರೋಗೆ ಹೋಯಿತು.

ಲಲಾನ್ ದಂಪತಿಗಳ ಅನೇಕ ಕೃತಿಗಳ ಮೇಲೆ ಸಹಿಯೊಡನೆ ಕ್ರಮಸಂಖ್ಯೆ ಇರುತ್ತದೆ: ಎಂಟರಲ್ಲಿ ಮೂರನೆಯದು, ಎಂಟರಲ್ಲಿ ಐದನೆಯದು ಎಂಬಂತೆ. ಇವುಗಳ ಹೊರತಾಗಿ ಕಲಾವಿದರ ಪಾಲಿನ ನಾಲ್ಕು ಪ್ರತಿಗಳು. ಈ ಎಂಟು ಎಂಬ ಸಂಖ್ಯೆಯ ಹಿಂದೆ ತೆರಿಗೆಯ ಕಾನೂನಿದೆ. ಕಲಾವಿದರ ಇಲ್ಲವೇ ಅವರ ವಾರಸುದಾರರ ಮೇಲ್ವಿಚಾರಣೆಯಲ್ಲಿ ಎಂಟು ಪ್ರತಿಗಳಿಗೆ ಸೀಮಿತವಾಗಿ ಎರಕಹೊಯ್ದ ಶಿಲ್ಪವನ್ನು ಐರೋಪ್ಯ ಒಕ್ಕೂಟದ ಮೌಲ್ಯವರ್ಧಿತ ತೆರಿಗೆಯ ನಿಯಮಗಳು ‘ಕಲಾಕೃತಿ’ ಎಂದು ಪರಿಗಣಿಸುತ್ತವೆ. ತಯಾರಕರು ತಮ್ಮ ಸಂಖ್ಯೆಗೆ ತಾವೇ ಹಾಕಿಕೊಂಡ ಮಿತಿಯೇ ವಸ್ತುವಿನ ಬೆಲೆಯ ಆಧಾರವಾಗುವುದು ಹೀಗೆ.

ಸುಂಕದ ಕಣ್ಣಿನಲ್ಲಿ

ಹಳೆಯದೆಲ್ಲವೂ ‘ಆ್ಯಂಟಿಕ್’ ಎಂಬ ಭಾವನೆ ವರ್ತಕರಲ್ಲಿಯೂ ಇದೆ. ಅಂತಾರಾಷ್ಟ್ರೀಯ ಸುಂಕ ವರ್ಗೀಕರಣದಲ್ಲಿ ಪುರಾತನ ವಸ್ತುಗಳಿಗೆ ಮೀಸಲಾದ 9706ನೇ ಶೀರ್ಷಿಕೆಯಡಿ ಬರುವುದು 100 ವರ್ಷಕ್ಕೂ ಹೆಚ್ಚು ಹಳೆಯದಾದ ವಸ್ತು ಮಾತ್ರ. ಆಸನಗಳ ಶೀರ್ಷಿಕೆ 9401, ಇತರ ಪೀಠೋಪಕರಣಗಳದು 9403. ಈ ಲೆಕ್ಕದಲ್ಲಿ 1938ರ ಸೋಫಾ 2038ನೇ ಇಸವಿ ಕಳೆಯುವವರೆಗೂ ಬರೀ ಆಸನವೇ. 1970ರ ಬೊಕ್ಕಾದ ಮಾತಂತೂ ದೂರ. ವಿದೇಶದಿಂದ ಇಂತಹ ವಸ್ತುವನ್ನು ತರಿಸುವವರು ಮಾರಾಟಗಾರರ ಬಿಲ್ಲಿನಲ್ಲಿರುವ ‘ವಿಂಟೇಜ್’ ಎಂಬ ಪದವನ್ನು ನೆಚ್ಚಿಕೊಳ್ಳದೆ, ತಯಾರಾದ ವರ್ಷದ ಪುರಾವೆಯನ್ನು ಕೇಳಿ ಪಡೆಯುವುದು ಕ್ಷೇಮ.

ಐವತ್ತರ ಗಡಿ

ಹಾಗಾದರೆ ಇಂತಹ ಸೋಫಾವನ್ನು ಯಾರು ಬೇಕಾದರೂ ನಕಲು ಮಾಡಿ ಮಾರಬಹುದೇ? ಬ್ರಿಟನ್ನಿನಲ್ಲಿ ಬಹುಕಾಲ ಇದಕ್ಕೆ ಅವಕಾಶವಿತ್ತು. ಕಲಾಕೃತಿಯೊಂದನ್ನು ಕೈಗಾರಿಕಾ ವಿಧಾನದಿಂದ 50ಕ್ಕೂ ಹೆಚ್ಚು ಪ್ರತಿಗಳಲ್ಲಿ ತಯಾರಿಸಿ ಮಾರಿದರೆ, ಅಂತಹ ನಕಲುಗಳ ವಿರುದ್ಧ ಅದಕ್ಕೆ ದೊರೆಯುವ ರಕ್ಷಣೆ 25 ವರ್ಷಗಳಿಗೇ ಮುಗಿಯುತ್ತಿತ್ತು. 2016ರ ಜುಲೈ 28ರಂದು ಆ ಕಲಮನ್ನು ರದ್ದುಪಡಿಸಲಾಯಿತು. ಕಲಾಕೃತಿಯೆನಿಸುವ ಪೀಠೋಪಕರಣಗಳಿಗೂ ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 70 ವರ್ಷಗಳ ರಕ್ಷಣೆ ಬಂದಿತು. ನಕಲು ಪೀಠೋಪಕರಣಗಳ ವ್ಯಾಪಾರಿಗಳು ತಮ್ಮ ದಾಸ್ತಾನನ್ನು 2017ರ ಜನವರಿ 28ರೊಳಗೆ ತೀರಿಸಬೇಕಾಯಿತು. ನಿನ್ನೆಯವರೆಗೆ ಸರಕಾಗಿದ್ದದ್ದು ಮರುದಿನ ಮಾರಲಾಗದ ವಸ್ತುವಾಯಿತು.

ಭಾರತದ ಕಾನೂನಿನಲ್ಲಿಯೂ ಅದೇ ಐವತ್ತರ ಗಡಿ ಇದೆ, ಆದರೆ ಅದರ ಪರಿಣಾಮ ಬೇರೆ. ವಿನ್ಯಾಸ ಅಧಿನಿಯಮದಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟ ವಿನ್ಯಾಸವನ್ನು ಅದರ ಒಡೆಯರೇ ಅಥವಾ ಅವರ ಅನುಮತಿ ಪಡೆದವರು ಕೈಗಾರಿಕಾ ವಿಧಾನದಿಂದ 50 ಬಾರಿಗಿಂತ ಹೆಚ್ಚು ತಯಾರಿಸಿದೊಡನೆ, ಅದರಲ್ಲಿನ ಕೃತಿಸ್ವಾಮ್ಯವು ಕೊನೆಗೊಳ್ಳುತ್ತದೆಂದು 1957ರ ಕೃತಿಸ್ವಾಮ್ಯ ಅಧಿನಿಯಮದ 15(2)ನೇ ಕಲಮು ಹೇಳುತ್ತದೆ. ಯಾವುದು ಶುದ್ಧ ಕಲಾಕೃತಿ, ಯಾವುದು ಅದರಿಂದ ಪಡೆದ ಕೈಗಾರಿಕಾ ವಿನ್ಯಾಸ ಎಂಬುದನ್ನು ಪರೀಕ್ಷಿಸುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್‌ನ ತೀರ್ಪೊಂದರಲ್ಲಿ ವಿವರಿಸಿದೆ. 2000ದ ವಿನ್ಯಾಸ ಅಧಿನಿಯಮದಂತೆ ನೋಂದಣಿ ಮಾಡಿಸಿದರೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ದೊರೆಯುತ್ತದೆ. ಹೊಸ ಆಕಾರದ ಕುರ್ಚಿಯನ್ನು ರೂಪಿಸಿದ ಸಣ್ಣ ತಯಾರಕರು ನೋಂದಣಿಯನ್ನು ಮುಂದೂಡುತ್ತ, ಐವತ್ತೊಂದನೆಯ ಕುರ್ಚಿಯನ್ನು ಕಾರ್ಖಾನೆಯಿಂದ ಹೊರಗೆ ಕಳುಹಿಸುವ ದಿನ ತಮ್ಮ ಹಕ್ಕನ್ನೂ ಅದರೊಡನೆ ಕಳುಹಿಸಿಬಿಡುವ ಸಂಭವವಿದೆ. ವಿನ್ಯಾಸವನ್ನು ಮಾರುಕಟ್ಟೆಗೆ ಬಿಡುವ ಮೊದಲೇ ನೋಂದಣಿಗೆ ಅರ್ಜಿ ಸಲ್ಲಿಸಬೇಕೆಂಬುದನ್ನೂ ಇಲ್ಲಿಯೇ ನೆನಪಿಡಬೇಕು.

ಖರ್ಚಿನ ಬದಿ

ಜಮೆಯ ಬದಿಯನ್ನಷ್ಟೇ ನೋಡಿ ಇದನ್ನು ಹೂಡಿಕೆಯೆಂದು ಭಾವಿಸುವುದು ತಪ್ಪು. ಸಂಗ್ರಹದ ಪೀಠೋಪಕರಣವು ಬಡ್ಡಿಯನ್ನಾಗಲಿ ಬಾಡಿಗೆಯನ್ನಾಗಲಿ ಕೊಡುವುದಿಲ್ಲ. ವಿಮೆ, ಜಾಗ, ಸಾಗಣೆ, ದುರಸ್ತಿ ಎಲ್ಲವೂ ಖರ್ಚೇ. 1970ರ ದಶಕದ ಪಾಲಿಯುರೆಥೇನ್ ಫೋಮ್ ಬೆಳಕು ಹಾಗೂ ತೇವಕ್ಕೆ ಸಿಕ್ಕಿ ವರ್ಷಗಳು ಕಳೆದಂತೆ ಒಣಗಿ ಪುಡಿಯಾಗುವ ಗುಣದ್ದು. ಒಳಗಿನ ಫೋಮ್ ಬದಲಿಸಿದರೆ ಸೋಫಾ ಕೂರಲು ಯೋಗ್ಯವಾಗುತ್ತದೆ, ಆದರೆ ಮೂಲವಸ್ತು ಎಂಬ ಬೆಲೆ ತಗ್ಗುತ್ತದೆ. ಹಾಗೆಯೇ ಬಿಟ್ಟರೆ ಬೆಲೆ ಉಳಿದರೂ ವಸ್ತು ಉಳಿಯದು. ಬಟ್ಟೆ ಬದಲಿಸಿದ ಹಳೆಯ ಸೋಫಾಕ್ಕೂ ಇದೇ ಮಾತು ಸಲ್ಲುತ್ತದೆ. ದುರಸ್ತಿ ಮಾಡಿಸಿದ್ದರೆ ಏನು, ಯಾವಾಗ, ಯಾರಿಂದ ಎಂಬುದನ್ನು ಬರೆದಿಟ್ಟು ಕೊಳ್ಳುವವರಿಗೆ ತಿಳಿಸುವುದೇ ನ್ಯಾಯವಾದ ಮಾರ್ಗ.

ಲಕ್ಷಾಂತರ ಸೋಫಾಗಳ ವಿಷಯದಲ್ಲಿ ಸವಕಳಿಯ ಲೆಕ್ಕವೇ ಸರಿ. ಅದನ್ನು ಸುಳ್ಳುಮಾಡುವ ವಸ್ತುಗಳು ಬೆರಳೆಣಿಕೆಯವು. ಸೆಲಿಗ್‌ಮನ್ ಅವರ ಪೀಠದಂತೆ ಅವುಗಳಲ್ಲಿಯೂ ಕೆಲವು ಕಾಲದಲ್ಲಿ ಕರಗಿಹೋಗುತ್ತವೆ. ಉಳಿದು ಬೆಲೆ ಪಡೆದವುಗಳ ಹಿಂದೆ ಎಷ್ಟು ತಯಾರಾದವು ಎಂಬ ಸ್ಪಷ್ಟ ಸಂಖ್ಯೆಯಿದೆ. ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬ ಬರಹವಿದೆ. ಹಕ್ಕು ಯಾರದೆಂಬ ನಿರ್ಣಯವಿದೆ. ಈ ಮೂರಕ್ಕೂ ತಗಲುವ ಖರ್ಚು ಅತ್ಯಲ್ಪ. ಹೊಸ ನಮೂನೆಯ ವಸ್ತುವೊಂದು ಕಾರ್ಯಾಗಾರದಿಂದ ಹೊರಬೀಳುವ ದಿನವೇ ಅದರ ನಕ್ಷೆ, ದಿನಾಂಕ, ಕ್ರಮಸಂಖ್ಯೆ, ಬಿಲ್ಲಿನ ಪ್ರತಿ ಮತ್ತು ಕೆಲಸ ಮಾಡಿದವರ ಹೆಸರನ್ನು ಒಂದು ಕಡತದಲ್ಲಿ ಸೇರಿಸಿಡಬೇಕು. 1938ರಲ್ಲಿ ತುಟಿಯ ಆಕಾರಕ್ಕೆ ಬಟ್ಟೆ ಹೊದಿಸಿದ ಆ ಕುಶಲಕರ್ಮಿಗಳ ಹೆಸರು ಇಂದು ತಿಳಿಯದಿರುವುದು ನಷ್ಟವೇ. ಅಂತಹ ನಷ್ಟವನ್ನು ತಮ್ಮ ಕಾರ್ಯಾಗಾರದ ಮಟ್ಟಿಗೆ ತಪ್ಪಿಸಲು ಪ್ರತಿಯೊಬ್ಬ ತಯಾರಕರಿಗೂ ಒಂದು ಕಡತ ಸಾಕು.